‘ಎನಿ ಕೀ’ ಎಲ್ಲಿದೆ? ಇಂಟರ್‌ನೆಟ್ ಮನೆಗೆ ಬಂದ ಕಾಲದ ತಪ್ಪು ತಿಳಿವಳಿಕೆಗಳು

1990ರ ದಶಕದಲ್ಲಿ ಮನೆಗೆ ಕಂಪ್ಯೂಟರ್ ತಂದವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಅಂಥದ್ದೊಂದನ್ನು ಮುಟ್ಟಿಯೂ ನೋಡಿರಲಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಟೆಲಿಫೋನು, ಟಿ.ವಿ., ಟೈಪ್‌ರೈಟರು, ಫ್ಯಾಕ್ಸು ಮತ್ತು ಅಂಚೆ. ಹೊಸ ಪೆಟ್ಟಿಗೆಯ ಮುಖ ಟಿ.ವಿ.ಯಂತಿತ್ತು, ಕೀಬೋರ್ಡು ಟೈಪ್‌ರೈಟರಿನಂತಿತ್ತು, ಇಂಟರ್‌ನೆಟ್ ಬರುತ್ತಿದ್ದದ್ದು ಟೆಲಿಫೋನಿನ ತಂತಿಯಲ್ಲಿ, ಅದರೊಳಗೆ ಬರುವ ಪತ್ರದ ಹೆಸರು ‘ಮೇಲ್’. ಹಾಗಾಗಿ ಹಳೆಯ ಯಂತ್ರಗಳ ನಿಯಮವೇ ಹೊಸದಕ್ಕೂ ಹೊಂದುತ್ತದೆ ಎಂದು ಜನ ನಂಬಿದರು. ಆ ನಂಬಿಕೆಯಿಂದ ಹುಟ್ಟಿದ ಗೊಂದಲಗಳು ಇವತ್ತು ನಗು ತರಿಸುತ್ತವೆ. ಒಂದೊಂದನ್ನೂ ಬಿಡಿಸಿ ನೋಡಿದರೆ, ಗೊತ್ತಿರುವುದರ ಆಧಾರದ ಮೇಲೆ ಗೊತ್ತಿಲ್ಲದ್ದನ್ನು ಊಹಿಸುವ ಮನುಷ್ಯನ ಸಹಜ ಬುದ್ಧಿ ಅಲ್ಲಿ ಕಾಣುತ್ತದೆ. ದೋಷ ಬಹುಪಾಲು ಇದ್ದದ್ದು ಪರದೆಯ ಮೇಲಿನ ಮಾತಿನಲ್ಲಿ, ಯಂತ್ರ ರೂಪಿಸಿದವರು ಬಳಕೆದಾರರ ಬಗ್ಗೆ ಇಟ್ಟುಕೊಂಡಿದ್ದ ಕಲ್ಪನೆಯಲ್ಲಿ.

ಸಹಾಯವಾಣಿಗೆ ಬಂದ ಕರೆಗಳು

ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ 1994ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಕಂಪನಿಗಳ ಸಹಾಯವಾಣಿಗಳ ಮೇಲೊಂದು ವರದಿ ಪ್ರಕಟಿಸಿತು. ಹೊಸ ಗ್ರಾಹಕರು ದಿನವಿಡೀ ಯಾವ ಯಾವ ಪ್ರಶ್ನೆ ಹೊತ್ತು ಕರೆ ಮಾಡುತ್ತಾರೆ ಎಂಬುದನ್ನು ಅಲ್ಲಿನ ಸಿಬ್ಬಂದಿಯ ಮಾತಿನಲ್ಲೇ ಅದು ವಿವರಿಸಿತ್ತು. ಮುಂದೆ ಜಗತ್ತಿನಾದ್ಯಂತ ಹರಡಿದ ಎಷ್ಟೋ ಕಂಪ್ಯೂಟರ್ ಹಾಸ್ಯಗಳಿಗೆ ಈ ವರದಿಯೇ ಮೂಲ.

ಆ ಕಾಲದ ಪ್ರೋಗ್ರಾಮುಗಳು ಕೆಲಸದ ನಡುವೆ ನಿಂತು ‘ಪ್ರೆಸ್ ಎನಿ ಕೀ’ ಎಂದು ಪರದೆಯ ಮೇಲೆ ತೋರಿಸುತ್ತಿದ್ದವು. ಯಾವ ಕೀ ಒತ್ತಿದರೂ ಸರಿ ಎಂಬುದು ಅದರ ಅರ್ಥ. ಆದರೆ ಕೀಬೋರ್ಡಿನ ತುಂಬ ‘ಎಂಟರ್’, ‘ಎಸ್ಕೇಪ್’, ‘ಶಿಫ್ಟ್’ ಎಂದು ಹೆಸರು ಹೊತ್ತ ಕೀಗಳಿದ್ದವು. ಅವುಗಳ ನಡುವೆ ‘ಎನಿ’ ಎಂಬ ಹೆಸರಿನದೂ ಒಂದಿರಬೇಕು ಎಂದು ಜನ ಹುಡುಕಿದರು. ಸಿಗದೆ ಫೋನ್ ಮಾಡಿದರು. ಇಂಥ ಕರೆಗಳು ಎಷ್ಟು ಬಂದವೆಂದರೆ, ಕಾಂಪ್ಯಾಕ್ ಕಂಪನಿ ಆ ಸೂಚನೆಯನ್ನೇ ಬದಲಿಸಿ ‘ರಿಟರ್ನ್ ಕೀ ಒತ್ತಿ’ ಎಂದು ಬರೆಯುವ ಆಲೋಚನೆಯಲ್ಲಿದೆ ಎಂದು ಅದೇ ವರದಿ ತಿಳಿಸಿತ್ತು.

ಡೆಲ್ ಕಂಪನಿಯ ಗ್ರಾಹಕರೊಬ್ಬರ ದೂರು, ಕಂಪ್ಯೂಟರಿನಿಂದ ಫ್ಯಾಕ್ಸ್ ಹೋಗುತ್ತಿಲ್ಲ ಎಂಬುದು. ತಂತ್ರಜ್ಞ 40 ನಿಮಿಷ ಒಂದೊಂದೇ ಕೇಳುತ್ತಾ ಹೋದ ಮೇಲೆ ನಿಜ ಸಂಗತಿ ಹೊರಬಿತ್ತು: ಅವರು ಕಾಗದವನ್ನು ಮಾನಿಟರ್ ಎದುರು ಹಿಡಿದು, ಕಳಿಸುವ ಕೀ ಒತ್ತುತ್ತಿದ್ದರು. ಕಂಪ್ಯೂಟರಿನಿಂದ ಫ್ಯಾಕ್ಸ್ ಕಳಿಸಬಹುದು ಎಂಬ ಜಾಹೀರಾತನ್ನು ಅವರು ನಂಬಿದ್ದರು. ಫ್ಯಾಕ್ಸ್ ಯಂತ್ರಕ್ಕೆ ಕಾಗದ ತೋರಿಸಲೇಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಕಾಗದ ಒಳಗೆ ಹೋಗುವಂಥ ಜಾಗ ಕಾಣಲಿಲ್ಲ. ಉಳಿದದ್ದು ಗಾಜಿನ ಪರದೆಯೊಂದೇ. ಕಂಪ್ಯೂಟರ್ ಕಳಿಸುವುದು ತನ್ನೊಳಗೆ ಫೈಲಿನ ರೂಪದಲ್ಲಿರುವ ದಾಖಲೆಯನ್ನು ಮಾತ್ರ, ಹೊರಗಿನ ಕಾಗದ ಒಳಗೆ ಹೋಗಬೇಕಾದರೆ ಸ್ಕ್ಯಾನರ್ ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದೇ ವರದಿಯಲ್ಲಿನ ಇನ್ನೊಬ್ಬ ಗ್ರಾಹಕಿಗೆ, ಕೆಟ್ಟುಹೋದ ಫ್ಲಾಪಿಗಳ ‘ಕಾಪಿ’ ಕಳಿಸಿ ಎಂದು ಎಎಸ್‌ಟಿ ಕಂಪನಿ ಹೇಳಿತು. ಕೆಲವು ದಿನಗಳಲ್ಲಿ ಅವರಿಂದ ಬಂದ ಲಕೋಟೆಯಲ್ಲಿ ಫ್ಲಾಪಿಗಳ ಜೆರಾಕ್ಸ್ ಪ್ರತಿಗಳಿದ್ದವು. ಫ್ಲಾಪಿ ಹಾಕಿ ಬಾಗಿಲು ಮುಚ್ಚಿ ಎಂದು ಫೋನಿನಲ್ಲಿ ಹೇಳಿಸಿಕೊಂಡ ಮತ್ತೊಬ್ಬರು ರಿಸೀವರ್ ಕೆಳಗಿಟ್ಟು, ಎದ್ದು ಹೋಗಿ, ಕೋಣೆಯ ಬಾಗಿಲು ಮುಚ್ಚಿ ಬಂದರು. ಕಂಪ್ಯೂಟರ್ ಶುರುವಾಗುತ್ತಿಲ್ಲ ಎಂದು ಕರೆ ಮಾಡಿದ ಇನ್ನೊಬ್ಬರು ಮೌಸನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತುತ್ತಿದ್ದರು. ವಿದ್ಯುತ್ ಹೊಲಿಗೆ ಯಂತ್ರಕ್ಕೂ ತಂತಿಯ ತುದಿಯಲ್ಲಿ ಒಂದು ಪೆಡಲ್ ಇರುತ್ತದೆ, ಅದನ್ನು ಒತ್ತಿದರೇ ಯಂತ್ರ ಓಡುವುದು. ತಂತಿಯ ತುದಿಗೆ ಅಂಗೈ ಅಗಲದ ಒಂದು ವಸ್ತು ಕಂಡಾಗ ಕಾಲು ಅತ್ತ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಕಥೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ಸಿ.ಡಿ. ಡ್ರೈವಿನ ಹೊರಚಾಚುವ ತಟ್ಟೆಯನ್ನು ಕಾಫಿ ಲೋಟ ಇಡುವ ಜಾಗವೆಂದು ತಿಳಿದವರದು. ಅದನ್ನು ಮಾತ್ರ ದಂತಕಥೆಗಳ ಸಾಲಿಗೆ ಸೇರಿಸುವುದೇ ಸರಿ. ಪ್ರತಿಯೊಂದು ಊರಿನಲ್ಲೂ ಅದು ‘ಪರಿಚಯದವರೊಬ್ಬರಿಗೆ’ ಆದ ಅನುಭವವಾಗಿಯೇ ಚಲಾವಣೆಯಲ್ಲಿದೆ.

ತಪ್ಪಿನ ಹಿಂದಿನ ತರ್ಕ

ಈ ಗೊಂದಲಗಳನ್ನು ವಿದ್ವಾಂಸರು ಇಂಟರ್‌ನೆಟ್ ಮನೆಗೆ ಬರುವ ಮೊದಲೇ ಅಭ್ಯಾಸ ಮಾಡಿದ್ದರು. ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ರಾಬರ್ಟ್ ಮ್ಯಾಕ್ 1980ರ ದಶಕದ ಆರಂಭದಲ್ಲಿ ಕಚೇರಿ ನೌಕರರನ್ನು ವರ್ಡ್ ಪ್ರೊಸೆಸರ್ ಮುಂದೆ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕಲಿಯುವಂತೆ ಮಾಡಿದರು. ಕಲಿಯುವವರು ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದುವುದಿಲ್ಲ, ನೇರ ಕೆಲಸಕ್ಕೆ ಕೈಹಾಕುತ್ತಾರೆ, ಪರದೆಯ ಮೇಲೆ ಏನೇ ನಡೆದರೂ ಅದಕ್ಕೊಂದು ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬುದು ಅಲ್ಲಿ ಕಂಡ ಮುಖ್ಯ ಸಂಗತಿ. ಟೈಪ್‌ರೈಟರಿನಲ್ಲಿ ಪಳಗಿದ ಕೈಗೆ ಸ್ಪೇಸ್‌ಬಾರ್ ಎಂದರೆ ಮುಂದೆ ಸರಿಯುವ ಸಾಧನ. ಕಂಪ್ಯೂಟರಿನಲ್ಲಿ ಅದು ಖಾಲಿ ಅಕ್ಷರವನ್ನು ಸೇರಿಸುತ್ತದೆ ಎಂಬುದು ಕಲಿತೇ ತಿಳಿಯಬೇಕಾದ ವಿಷಯ.

ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಯಾವುದೇ ಯಂತ್ರ ಬಳಸುವವರ ತಲೆಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಒಂದು ಚಿತ್ರ ಇರುತ್ತದೆ. ಚಿತ್ರ ನಿಜವಾಗಿರಬೇಕಿಲ್ಲ, ಕೆಲಸ ನಡೆಯುವಷ್ಟಿದ್ದರೆ ಸಾಕು. ಕೋಣೆ ಬೇಗ ತಣ್ಣಗಾಗಲಿ ಎಂದು ಎ.ಸಿ.ಯನ್ನು 16 ಡಿಗ್ರಿಗೆ ಇಳಿಸುವವರ ಮನಸ್ಸಿನಲ್ಲಿರುವುದು ನಲ್ಲಿಯ ಚಿತ್ರ: ಹೆಚ್ಚು ತಿರುಗಿಸಿದರೆ ಹೆಚ್ಚು ನೀರು. ಸಾಮಾನ್ಯ ಎ.ಸಿ. 24ಕ್ಕಿಟ್ಟರೂ 16ಕ್ಕಿಟ್ಟರೂ ತಣಿಸುವ ವೇಗ ಒಂದೇ, ನಿಲ್ಲುವ ಹೊತ್ತು ಮಾತ್ರ ಬೇರೆ. ದಶಕಗಳಿಂದ ಬಳಕೆಯಲ್ಲಿರುವ ಯಂತ್ರದ ಬಗ್ಗೆಯೇ ಇಂಥ ಚಿತ್ರ ಉಳಿದಿರುವಾಗ, ಕಣ್ಣಿಗೆ ಕಾಣದ ಇಂಟರ್‌ನೆಟ್ಟಿನ ಬಗ್ಗೆ ಮೊದಲ ದಿನಗಳಲ್ಲಿ ಎಂಥ ಚಿತ್ರ ಮೂಡಿರಬಹುದು ಎಂದು ಊಹಿಸಬಹುದು.

ಫೋನ್ ತಂತಿಯ ಗೊಂದಲಗಳು

ಇಂಟರ್‌ನೆಟ್ಟಿನ ಬೇರು 1969ರ ಆರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದಲ್ಲಿದೆ. ಆ ವರ್ಷದ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳಿಸಲು ಹೊರಟಾಗ ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ವ್ಯವಸ್ಥೆ ಕುಸಿದುಬಿತ್ತು. ಇಂದಿನ ಇಂಟರ್‌ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ 1983ರ ಜನವರಿ 1ರಿಂದ ಜಾರಿಗೆ ಬಂತು. ಭಾರತದಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಯೋಜನೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೇ ಕಡೆ ಈ ಸಂಪರ್ಕ ಒದಗಿಸಿತ್ತು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಖಾಸಗಿ ಸಂಸ್ಥೆಗಳಿಗೆ ಈ ಸೇವೆ ಒದಗಿಸಲು ಅವಕಾಶ ಸಿಕ್ಕಿದ್ದು 1998ರ ಕೊನೆಯಲ್ಲಿ.

ಆಗಿನ ಸಂಪರ್ಕವೆಂದರೆ ಡಯಲ್-ಅಪ್. ಕಂಪ್ಯೂಟರಿನ ಮೋಡೆಮ್ ಮನೆಯ ಫೋನಿನಿಂದ ಸೇವಾ ಸಂಸ್ಥೆಯ ಸಂಖ್ಯೆಗೆ ಕರೆ ಮಾಡುತ್ತಿತ್ತು. ಆ ಕಡೆಯ ಮೋಡೆಮ್ ಎತ್ತಿಕೊಂಡ ಕೂಡಲೇ ಕೀರಲು ಸದ್ದು, ಗರಗರ, ಶಿಳ್ಳೆ ಎಲ್ಲ ಕೇಳುತ್ತಿದ್ದವು. ಏನೋ ಕೆಟ್ಟಿತು ಎಂದು ಹೊಸಬರು ಗಾಬರಿಯಾಗುತ್ತಿದ್ದರು. ನಿಜವಾಗಿ ನಡೆಯುತ್ತಿದ್ದದ್ದು ಎರಡು ಮೋಡೆಮ್‌ಗಳ ಮಾತುಕತೆ. ತಂತಿಯಲ್ಲಿ ಗದ್ದಲ ಎಷ್ಟಿದೆ, ಎಷ್ಟು ವೇಗದಲ್ಲಿ ಮಾಹಿತಿ ಕಳಿಸಿದರೆ ತಪ್ಪಿಲ್ಲದೆ ತಲುಪುತ್ತದೆ ಎಂದು ಅಳೆದು ಅವು ಒಂದು ವೇಗಕ್ಕೆ ಒಪ್ಪಿಕೊಳ್ಳುತ್ತಿದ್ದವು. ಒಪ್ಪಂದ ಮುಗಿದ ಮೇಲೆ ಮೋಡೆಮ್‌ನ ಸ್ಪೀಕರ್ ತಾನಾಗಿ ಮೌನವಾಗುತ್ತಿತ್ತು.

ಸಂಪರ್ಕ ಇರುವಷ್ಟು ಹೊತ್ತೂ ಫೋನ್ ‘ಎಂಗೇಜ್’ ಆಗಿರುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಮೋಡೆಮ್ ತಬ್ಬಿಬ್ಬಾಗಿ ಸಂಪರ್ಕ ಕಡಿದುಹೋಗುತ್ತಿತ್ತು. ಇಂಟರ್‌ನೆಟ್ ಬೇರೆ, ಫೋನ್ ಬೇರೆ ಎಂದುಕೊಂಡಿದ್ದ ಮನೆಯವರಿಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ಬಿಲ್ಲಿನ ವಿಷಯದಲ್ಲೂ ಅಷ್ಟೇ. ಇಷ್ಟು ಗಂಟೆಗೆ ಇಷ್ಟು ಎಂದು ಮುಂಗಡ ಕಟ್ಟಿ ತಂದ ಇಂಟರ್‌ನೆಟ್ ಪ್ಯಾಕೇಜಿನಲ್ಲಿ ಎಲ್ಲವೂ ಸೇರಿದೆ ಎಂದು ತಿಳಿದವರಿಗೆ, ಆ ಗಂಟೆಗಳುದ್ದಕ್ಕೂ ಓಡಿದ ಟೆಲಿಫೋನ್ ಕರೆಯ ಶುಲ್ಕ ಬೇರೆಯಾಗಿ ಬಂದಾಗ ಆಘಾತವಾಗುತ್ತಿತ್ತು. ಹತ್ತಿರದ ಸಂಪರ್ಕ ಕೇಂದ್ರ ಬೇರೆ ಊರಿನಲ್ಲಿದ್ದರಂತೂ ಅದು ಎಸ್‌ಟಿಡಿ ಕರೆಯಾಗುತ್ತಿತ್ತು.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದು. ಬ್ರೌಸರ್ ಕಿಟಕಿಯನ್ನು ಮುಚ್ಚಿದರೆ ಇಂಟರ್‌ನೆಟ್ ನಿಂತಿತು ಎಂಬ ನಂಬಿಕೆ. ಟಿ.ವಿ. ಆರಿಸಿದರೆ ಕಾರ್ಯಕ್ರಮ ನಿಂತಂತೆ ಇದೂ ಇರಬೇಕು ಎಂಬುದು ಸಹಜ ಊಹೆ. ಆದರೆ ಬ್ರೌಸರ್ ಮುಚ್ಚಿದರೂ ಫೋನ್ ಕರೆ ಮುಂದುವರಿದೇ ಇರುತ್ತಿತ್ತು. ವಿಂಡೋಸ್ ಪರದೆಯ ಕೆಳತುದಿಯಲ್ಲಿ, ಗಡಿಯಾರದ ಪಕ್ಕ, ಎರಡು ಪುಟಾಣಿ ಕಂಪ್ಯೂಟರುಗಳ ಚಿತ್ರ ಮಿನುಗುತ್ತಿದ್ದದ್ದು ಇದರ ಮುಖ್ಯ ಸುಳಿವು. ಅದರ ಮೇಲೆ ಕ್ಲಿಕ್ ಮಾಡಿ ಸಂಪರ್ಕ ಕಡಿಯಬೇಕಿತ್ತು. ಕರೆ ಇನ್ನೂ ನಡೆಯುತ್ತಿದೆ ಎಂಬ ದೊಡ್ಡ ಸುದ್ದಿಯನ್ನು ಉಗುರಿಗಿಂತ ಚಿಕ್ಕ ಚಿತ್ರದ ಪಾಲಿಗೆ ಬಿಟ್ಟದ್ದು ವಿನ್ಯಾಸದ ದೊಡ್ಡ ಲೋಪ.

ವೇಗದ ಅಂದಾಜೂ ಜನರಿಗಿರಲಿಲ್ಲ. ಭಾರತದ ಮೊದಮೊದಲ ಸಂಪರ್ಕಗಳು ಸೆಕೆಂಡಿಗೆ 9.6 ಕಿಲೋಬಿಟ್ ವೇಗದವು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1.2 ಕಿಲೋಬೈಟ್. 50 ಕಿಲೋಬೈಟಿನ ಒಂದು ಸಾಧಾರಣ ಫೋಟೋ ಮೂಡಲು ಮುಕ್ಕಾಲು ನಿಮಿಷದಷ್ಟು ಬೇಕು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿದು ಅರ್ಧಕ್ಕೆ ನಿಂತಾಗ, ಮಾನಿಟರ್ ಹಾಳಾಗಿದೆ ಎಂದುಕೊಳ್ಳುವುದು ಸುಲಭವಿತ್ತು.

ಪತ್ರ ಎಲ್ಲಿ ಬಂದು ಕೂರುತ್ತದೆ?

ಇ-ಮೇಲ್ ಬಗೆಗಿನ ಊಹೆಗಳೆಲ್ಲ ಅಂಚೆ, ಫ್ಯಾಕ್ಸ್ ಮತ್ತು ಐಎಸ್‌ಡಿಯಿಂದ ಬಂದವು. ಫ್ಯಾಕ್ಸ್ ಬರಬೇಕಾದರೆ ಯಂತ್ರ ಚಾಲೂ ಇರಬೇಕು. ಹಾಗಾದರೆ ಮೇಲ್ ಬರುವಾಗ ಕಂಪ್ಯೂಟರೂ ಚಾಲೂ ಇರಬೇಡವೇ? ಅಮೆರಿಕಕ್ಕೆ ಮಾತಾಡಿದರೆ ಹುಬ್ಬಳ್ಳಿಗೆ ಮಾತಾಡಿದ್ದಕ್ಕಿಂತ ಎಷ್ಟೋ ಪಟ್ಟು ದುಡ್ಡು. ಹಾಗಾದರೆ ಅಮೆರಿಕದ ಮಗನಿಗೆ ಕಳಿಸುವ ಮೇಲ್‌ಗೂ ದರ ಹೆಚ್ಚಲ್ಲವೇ? ಎರಡೂ ಪ್ರಶ್ನೆ ನ್ಯಾಯವಾದವೇ.

ಉತ್ತರ ಇರುವುದು ಜಾಲದ ರಚನೆಯಲ್ಲಿ. ಆಗಿನ ಟೆಲಿಫೋನ್ ಕರೆ ಇಬ್ಬರ ನಡುವೆ ಒಂದು ದಾರಿಯನ್ನು ಮಾತು ಮುಗಿಯುವವರೆಗೂ ಕಾದಿರಿಸುತ್ತಿತ್ತು. ದಾರಿ ಉದ್ದವಾದಷ್ಟೂ ಬೆಲೆ ಹೆಚ್ಚುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಸಂದೇಶ ‘ಪ್ಯಾಕೆಟ್’ ಎಂಬ ಸಣ್ಣ ತುಂಡುಗಳಾಗಿ ಒಡೆದು, ಅದೇ ತಂತಿಯಲ್ಲಿ ಸಾವಿರಾರು ಜನರ ಪ್ಯಾಕೆಟ್‌ಗಳ ನಡುವೆ ನುಸುಳಿ ಹೋಗುತ್ತದೆ. ಯಾರಿಗೂ ಪ್ರತ್ಯೇಕ ದಾರಿ ಮೀಸಲಿಲ್ಲ. ಬಳಕೆದಾರ ತೆರುತ್ತಿದ್ದದ್ದು ತನ್ನ ಸೇವಾ ಸಂಸ್ಥೆಯ ಪ್ಯಾಕೇಜಿಗೆ ಮತ್ತು ಅಲ್ಲಿಯವರೆಗಿನ ಕರೆಗೆ ಮಾತ್ರ, ಅಲ್ಲಿಂದಾಚೆ ದೂರದ ಲೆಕ್ಕವಿರಲಿಲ್ಲ. ಬಂದ ಮೇಲ್ ಕೂರುವುದು ಸೇವಾ ಸಂಸ್ಥೆಯ ಸರ್ವರ್‌ನಲ್ಲಿ. ಮನೆಯ ಕಂಪ್ಯೂಟರ್ ವಾರಗಟ್ಟಲೆ ಆಫ್ ಆಗಿದ್ದರೂ ಪತ್ರ ಅಲ್ಲೇ ಕಾಯುತ್ತಿರುತ್ತದೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್ ಎಂಬ ಇ-ಮೇಲ್ ಸೇವೆ ಈ ತಿಳಿವಳಿಕೆಯನ್ನು ಜನರಿಗೆ ದಾಟಿಸಿತು. ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತನ್ನ ಪತ್ರಪೆಟ್ಟಿಗೆ ತೆರೆಯಬಹುದು ಎಂದಾಗ, ಮೇಲ್ ಇರುವುದು ತನ್ನ ಯಂತ್ರದೊಳಗಲ್ಲ ಎಂಬುದು ತಾನಾಗಿ ಮನದಟ್ಟಾಯಿತು. ಅದೇ ತಿಂಗಳು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆಯನ್ನು ಸೈಬರ್ ಕೆಫೆಯಾಗಿಯೇ ತೆರೆಯಿತು. ಕೆಲವೇ ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣಗಳ ಸುತ್ತ ಸೈಬರ್ ಸೆಂಟರ್‌ಗಳು ತಲೆಯೆತ್ತಿದವು. ಅಲ್ಲಿ ಹೊಸ ತಪ್ಪೊಂದು ಹುಟ್ಟಿತು: ಕಿಟಕಿ ಮುಚ್ಚಿದರೆ ಖಾತೆಯೂ ಮುಚ್ಚಿತು ಎಂದು ನಂಬಿ ಎದ್ದು ಹೋಗುವುದು. ‘ಲಾಗ್ ಔಟ್’ ಮಾಡದೆ ಬಿಟ್ಟ ಖಾತೆ ನಂತರ ಬಂದು ಕೂತವರ ಮುಂದೆ ತೆರೆದುಕೊಳ್ಳುವ ಅಪಾಯವಿತ್ತು.

ಮೇಲ್ ವಿಳಾಸದ ನಡುವಿನ ‘ಅಟ್’ ಚಿಹ್ನೆಯೂ ಕಾಡಿಸಿದ್ದುಂಟು. ರೇ ಟಾಮ್ಲಿನ್‌ಸನ್ 1971ರಲ್ಲಿ ಬಳಕೆದಾರನ ಹೆಸರನ್ನೂ ಅವನ ಕಂಪ್ಯೂಟರಿನ ಹೆಸರನ್ನೂ ಬೇರ್ಪಡಿಸಲು ಅದನ್ನು ಆರಿಸಿದ್ದರು. 1994ರ ಜನವರಿಯಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯ ‘ಟುಡೇ’ ಕಾರ್ಯಕ್ರಮದ ನಿರೂಪಕ ಬ್ರಯಂಟ್ ಗಂಬಲ್, ಸುತ್ತ ಉಂಗುರವಿರುವ ಆ ‘ಎ’ ಅಕ್ಷರವನ್ನು ಹೇಗೆ ಓದಬೇಕೆಂದು ತಿಳಿಯದೆ ತೊದಲಿದರು. ಅದು ‘ಅಬೌಟ್’ ಇರಬಹುದೆಂದು ಸಹನಿರೂಪಕಿ ಕೇಟೀ ಕೌರಿಕ್ ಭಾವಿಸಿದ್ದರು. ಅಷ್ಟಕ್ಕೂ ಇಂಟರ್‌ನೆಟ್ ಎಂದರೇನು ಎಂದು ಇಬ್ಬರೂ ಕೇಳಿದಾಗ ತೆರೆಯ ಹಿಂದಿದ್ದ ಸಿಬ್ಬಂದಿಯೊಬ್ಬರು ವಿವರಿಸಬೇಕಾಯಿತು. ದೇಶಕ್ಕೆ ಸುದ್ದಿ ಹೇಳುತ್ತಿದ್ದವರಿಗೂ ಅದು ಅಷ್ಟು ಹೊಸತಾಗಿತ್ತು.

ಇ-ಮೇಲ್ ಮತ್ತು ಇಂಟರ್‌ನೆಟ್ ಒಂದೇ ಎಂಬ ಭಾವನೆಗೆ ದೀರ್ಘ ಆಯುಸ್ಸು. ಅಮೆರಿಕದ ಸೆನೆಟರ್ ಟೆಡ್ ಸ್ಟೀವನ್ಸ್ 2006ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ, ತಮ್ಮ ಸಿಬ್ಬಂದಿ ಶುಕ್ರವಾರ ಕಳಿಸಿದ ‘ಇಂಟರ್‌ನೆಟ್’ ತಮಗೆ ತಲುಪಿದ್ದು ಮಂಗಳವಾರ ಎಂದು ಹೇಳಿ, ಇಂಟರ್‌ನೆಟ್ ಎಂಬುದು ಕೊಳವೆಗಳ ಸಾಲು, ದಟ್ಟಣೆಯಾದರೆ ತಡವಾಗುತ್ತದೆ ಎಂದು ವಿವರಿಸಿದರು. ದೇಶದ ಇಂಟರ್‌ನೆಟ್ ಕಾನೂನನ್ನು ಪರಿಶೀಲಿಸುತ್ತಿದ್ದ ಸಮಿತಿಯ ಅಧ್ಯಕ್ಷರೇ ಅವರು.

ನೀಲಿ ‘ಇ’ ಎಂದರೆ ಇಂಟರ್‌ನೆಟ್

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ವರ್ಲ್ಡ್ ವೈಡ್ ವೆಬ್‌ನ ಯೋಜನೆ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರಿಗೂ ಮುಕ್ತಗೊಳಿಸಿತು. ಅದೇ ವರ್ಷ ಮೊಸಾಯಿಕ್ ಬ್ರೌಸರ್ ಬಂತು. ಇಂಟರ್‌ನೆಟ್ ಎಂದರೆ ಕಂಪ್ಯೂಟರುಗಳನ್ನು ಬೆಸೆದ ಜಾಲ, ವೆಬ್ ಎಂದರೆ ಆ ಜಾಲದ ಮೇಲೆ ಪುಟಗಳನ್ನು ತೋರಿಸುವ ಒಂದು ಸೇವೆ, ಬ್ರೌಸರ್ ಎಂದರೆ ಆ ಪುಟಗಳನ್ನು ತೆರೆಯುವ ತಂತ್ರಾಂಶ. ಮನೆಯ ಬಳಕೆದಾರರಿಗೆ ಈ ಮೂರೂ ಒಂದೇ ಆಗಿ ಕಂಡವು. ಮೈಕ್ರೋಸಾಫ್ಟ್ 1995ರಲ್ಲಿ ಬಿಡುಗಡೆ ಮಾಡಿದ ಬ್ರೌಸರಿನ ಹೆಸರಲ್ಲೇ ಇಂಟರ್‌ನೆಟ್ ಇತ್ತು. ಪರದೆಯ ಮೇಲಿದ್ದ ಅದರ ನೀಲಿ ‘ಇ’ ಗುರುತನ್ನೇ ಜನ ಇಂಟರ್‌ನೆಟ್ ಎಂದು ಕರೆದರು. ಕೈತಪ್ಪಿ ಆ ಗುರುತು ಅಳಿಸಿಹೋದರೆ ‘ಇಂಟರ್‌ನೆಟ್ ಡಿಲೀಟ್ ಆಯಿತು’ ಎಂಬ ಗಾಬರಿ. ಪರದೆಯ ಮೇಲಿನದು ಶಾರ್ಟ್‌ಕಟ್ ಮಾತ್ರ, ಅದನ್ನು ಅಳಿಸಿದರೆ ಮೂಲ ಪ್ರೋಗ್ರಾಮಿಗೆ ಏನೂ ಆಗುವುದಿಲ್ಲ ಎಂಬುದನ್ನು ಗುರುತಿನ ರೂಪ ತಿಳಿಸುತ್ತಿರಲಿಲ್ಲ.

ಅಮೆರಿಕದಲ್ಲಿ ಇದೇ ಗೊಂದಲ ಎಒಎಲ್ ಎಂಬ ಸೇವಾ ಕಂಪನಿಯ ಹೆಸರಿನಲ್ಲಿತ್ತು. ಆ ಕಂಪನಿ ಮನೆಮನೆಗೆ ಫ್ಲಾಪಿ, ಸಿ.ಡಿ.ಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸಿ ಗ್ರಾಹಕರನ್ನು ಸೆಳೆಯಿತು. ಅದರೊಳಗಿನ ಸುದ್ದಿ, ಹರಟೆ ಕೋಣೆ, ಅಂಗಡಿಗಳೆಲ್ಲ ಎಒಎಲ್‌ನ ಸ್ವಂತದ್ದು. ಹೊರಗಿನ ಇಂಟರ್‌ನೆಟ್ ಅದಕ್ಕಿಂತ ಬಹಳ ದೊಡ್ಡದು. ಆ ವ್ಯತ್ಯಾಸ ತಿಳಿಯದೆಯೇ ಲಕ್ಷಾಂತರ ಜನ ವರ್ಷಗಟ್ಟಲೆ ಬಳಸಿದರು. 1996ರ ಡಿಸೆಂಬರ್‌ನಲ್ಲಿ ತಿಂಗಳಿಗೆ 19.95 ಡಾಲರ್ ಕೊಟ್ಟರೆ ಎಷ್ಟು ಹೊತ್ತಾದರೂ ಬಳಸಬಹುದು ಎಂದು ಎಒಎಲ್ ಘೋಷಿಸಿದಾಗ ಫೋನ್ ಲೈನುಗಳೆಲ್ಲ ತುಂಬಿಹೋದವು. ಒಮ್ಮೆ ಒಳಹೊಕ್ಕವರು ಮತ್ತೆ ಸಿಗದೆ ಹೋದೀತೆಂದು ಸಂಪರ್ಕ ಕಡಿಯಲೇ ಇಲ್ಲ.

ವೆಬ್ ವಿಳಾಸಕ್ಕೂ ಹುಡುಕುವ ಪದಕ್ಕೂ ಇರುವ ಭೇದವೂ ಇಂಥದ್ದೇ. ಒಂದು ಪೆಟ್ಟಿಗೆಯಲ್ಲಿ ವಿಳಾಸ ಬರೆಯಬೇಕು, ಇನ್ನೊಂದರಲ್ಲಿ ಹುಡುಕಬೇಕು ಎಂಬುದು ಅಂದಿನ ನಿಯಮ. ಎರಡೂ ನೋಡಲು ಒಂದೇ ಥರ. 2010ರ ಫೆಬ್ರುವರಿಯಲ್ಲಿ ‘ರೀಡ್‌ರೈಟ್‌ವೆಬ್’ ಎಂಬ ತಾಣ ಫೇಸ್‌ಬುಕ್ ಲಾಗಿನ್ ಕುರಿತು ಒಂದು ಲೇಖನ ಪ್ರಕಟಿಸಿತು. ಫೇಸ್‌ಬುಕ್ಕಿಗೆ ಹೋಗಲು ಪ್ರತಿದಿನ ಗೂಗಲ್‌ನಲ್ಲಿ ‘ಫೇಸ್‌ಬುಕ್ ಲಾಗಿನ್’ ಎಂದು ಹುಡುಕುತ್ತಿದ್ದವರಿಗೆ ಆ ದಿನ ಮೊದಲಲ್ಲಿ ಸಿಕ್ಕಿದ್ದು ಈ ಲೇಖನ. ಫೇಸ್‌ಬುಕ್ ತನ್ನ ರೂಪ ಬದಲಿಸಿದೆ ಎಂದು ತಿಳಿದು ಜನ ಅಲ್ಲೇ ಸಿಟ್ಟಿನಿಂದ ದೂರು ಬರೆದರು. ಇದು ಫೇಸ್‌ಬುಕ್ ಅಲ್ಲ ಎಂದು ತಾಣದವರು ಲೇಖನದ ನಡುವೆ ದಪ್ಪಕ್ಷರದಲ್ಲಿ ಸೂಚನೆ ಹಾಕಬೇಕಾಯಿತು.

ಕನ್ನಡ ಪುಟಗಳ ಅಕ್ಷರ ಸಂಕಟ

ಕನ್ನಡಿಗರಿಗೆ ಇವೆಲ್ಲದರ ಜೊತೆಗೆ ಇನ್ನೊಂದು ತೊಡಕಿತ್ತು. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದರು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಆ ಕಾಲದ ಕನ್ನಡ ಪುಟಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಸೊನ್ನೆ, ಚುಕ್ಕಿಗಳ ಕಲಸುಮೇಲೋಗರ ಕಾಣಿಸುವುದು ಸಾಮಾನ್ಯವಾಗಿತ್ತು. ಪುಟ ಕೆಟ್ಟಿದೆ, ಇಲ್ಲವೇ ವೈರಸ್ ಬಂದಿದೆ ಎಂದು ನೋಡುವವರಿಗೆ ಅನಿಸುವಂತಿತ್ತು.

ಕಾರಣ ಸರಳ. ಕಂಪ್ಯೂಟರ್ ಉಳಿಸಿಕೊಳ್ಳುವುದು ಅಕ್ಷರದ ಆಕಾರವನ್ನಲ್ಲ, ಒಂದು ಸಂಖ್ಯೆಯನ್ನು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಯಾವ ಸಂಖ್ಯೆಗೆ ಯಾವ ಆಕಾರ ಎಂಬುದನ್ನು ಪ್ರತಿಯೊಂದು ಸಂಸ್ಥೆ ತನಗೆ ಬೇಕಾದಂತೆ ನಿರ್ಧರಿಸುತ್ತಿತ್ತು. ಬರೆದವರ ಫಾಂಟ್ ಓದುವವರಲ್ಲಿ ಇಲ್ಲದಿದ್ದರೆ ಅದೇ ಸಂಖ್ಯೆಗಳು ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತಿದ್ದವು. ಮೊದಲು ಫಾಂಟ್ ಇಳಿಸಿಕೊಳ್ಳಿ ಎಂಬ ಸೂಚನೆ ಪುಟದ ತುದಿಯಲ್ಲಿರುತ್ತಿತ್ತು. ಊರಿನಿಂದ ಕನ್ನಡದಲ್ಲಿ ಬರೆದ ಮೇಲ್ ಕ್ಯಾಲಿಫೋರ್ನಿಯಾದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಂಡಾಗ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವುದು ಸುಲಭದ ದಾರಿಯಾಯಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತು. ಆದರೆ ಅದು ಮನೆಯ ಕಂಪ್ಯೂಟರಿಗೆ ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ.

ನಂಬಿಕೆಯ ಮೇಲೆ ಬೆಳೆದ ವದಂತಿಗಳು

ಯಂತ್ರದ ಬಗೆಗಿನ ಗೊಂದಲ ಅಭ್ಯಾಸದಿಂದ ಕರಗುತ್ತದೆ. ಹೇಳುವವರು ಯಾರು ಎಂಬ ಬಗೆಗಿನ ಗೊಂದಲ ಅಷ್ಟು ಬೇಗ ಕರಗುವುದಿಲ್ಲ. ಅಚ್ಚಾದ ಮಾತಿಗೆ ಹೊಣೆಗಾರರು ಇರುತ್ತಾರೆ ಎಂಬ ನಂಬಿಕೆಯಲ್ಲಿ ಬೆಳೆದವರು ಪರದೆಯ ಮೇಲಿನ ಅಕ್ಷರಗಳಿಗೂ ಅದೇ ಮರ್ಯಾದೆ ಕೊಟ್ಟರು.

1994ರ ಕೊನೆಯಲ್ಲಿ ಹರಡಿದ ಒಂದು ಎಚ್ಚರಿಕೆಯ ಪ್ರಕಾರ ‘ಗುಡ್ ಟೈಮ್ಸ್’ ಎಂಬ ಶೀರ್ಷಿಕೆಯ ಮೇಲ್ ತೆರೆದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತಿತ್ತು. ಅಂಥ ವೈರಸ್ಸೇ ಇರಲಿಲ್ಲ. ಬರಿಯ ಅಕ್ಷರಗಳ ಮೇಲ್ ಓದುವುದರಿಂದ ಯಾವ ಪ್ರೋಗ್ರಾಮೂ ಚಾಲೂ ಆಗುವುದಿಲ್ಲ. ಎಲ್ಲರಿಗೂ ತಿಳಿಸಿ ಎಂಬ ಕೋರಿಕೆಗೆ ಓಗೊಟ್ಟು ಜನ ಕಳಿಸಿದ ಎಚ್ಚರಿಕೆಗಳೇ ವೈರಸ್ಸಿನಂತೆ ಜಾಲವನ್ನು ತುಂಬಿದವು. ಇನ್ನೊಂದು ಸಂದೇಶ, ಜಪಾನಿನಲ್ಲಿ ತಯಾರಾದ ಐದು ರೋಬೋಟುಗಳು ಇಂಟರ್‌ನೆಟ್ಟನ್ನು ಸ್ವಚ್ಛಗೊಳಿಸಲಿವೆ, ಅಷ್ಟು ಹೊತ್ತು ಎಲ್ಲರೂ ಸಂಪರ್ಕ ಕಡಿಯಬೇಕು ಎಂದು ಕೋರಿತ್ತು. ಸೂಚಿಸಿದ್ದ ಅವಧಿಯಲ್ಲಿ ಏಪ್ರಿಲ್ 1 ಸೇರಿತ್ತು ಎಂಬುದನ್ನು ಗಮನಿಸದೆ ನಂಬಿದವರಿದ್ದರು. 1997ರ ಕೊನೆಯಲ್ಲಿ ಹೊರಟ ಮತ್ತೊಂದು ಸಂದೇಶ, ಇದನ್ನು ಮುಂದಕ್ಕೆ ಕಳಿಸಿದರೆ ಬಿಲ್ ಗೇಟ್ಸ್ 1,000 ಡಾಲರ್ ಕೊಡುತ್ತಾರೆ ಎಂದು ಭರವಸೆ ನೀಡಿತ್ತು.

1999ರಲ್ಲಿ ಹರಡಿದ ವದಂತಿಯೊಂದು ಇನ್ನೂ ಎತ್ತರಕ್ಕೇರಿತು. ಪ್ರತಿ ಇ-ಮೇಲ್‌ಗೆ 5 ಸೆಂಟ್ ಶುಲ್ಕ ವಿಧಿಸುವ ‘602ಪಿ’ ಮಸೂದೆ ಅಮೆರಿಕದ ಸಂಸತ್ತಿನ ಮುಂದಿದೆ ಎಂಬುದು ಆ ವದಂತಿ. ಅಂಥ ಮಸೂದೆ ಇರಲಿಲ್ಲ. ಅಲ್ಲಿ ಮಸೂದೆಗಳಿಗೆ ಆ ರೀತಿಯ ಸಂಖ್ಯೆಯನ್ನೂ ಕೊಡುವುದಿಲ್ಲ. ಆದರೂ 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಸೆನೆಟ್ ಸ್ಥಾನದ ಟಿ.ವಿ. ಚರ್ಚೆಯಲ್ಲಿ ಹಿಲರಿ ಕ್ಲಿಂಟನ್ ಮತ್ತು ರಿಕ್ ಲಾಜಿಯೊ ಅವರಿಗೆ ಈ ಮಸೂದೆಯ ಬಗ್ಗೆಯೇ ಪ್ರಶ್ನೆ ಹಾಕಲಾಯಿತು. ಇಬ್ಬರೂ ಅದನ್ನು ವಿರೋಧಿಸಿ ಉತ್ತರ ಕೊಟ್ಟರು.

2002ರಲ್ಲಿ ಬಂದ ‘ಕರಡಿ ವೈರಸ್’ ಎಚ್ಚರಿಕೆ ಈ ಬಗೆಯ ವದಂತಿಗಳಲ್ಲಿ ಅತ್ಯಂತ ಜಾಣತನದ್ದು. ‘ನಿಮ್ಮ ಕಂಪ್ಯೂಟರಿನಲ್ಲಿ ಈ ಹೆಸರಿನ ಫೈಲ್ ಹುಡುಕಿ, ಅದರ ಪಕ್ಕ ಆಟಿಕೆ ಕರಡಿಯ ಬೂದು ಚಿತ್ರ ಕಂಡರೆ ವೈರಸ್ ಬಂದಿದೆ, ಕೂಡಲೇ ಅಳಿಸಿ, ಪರಿಚಿತರಿಗೆಲ್ಲ ತಿಳಿಸಿ’ ಎಂದಿತ್ತು. ಹುಡುಕಿದವರಿಗೆ ನಿಜವಾಗಿಯೂ ಕರಡಿ ಸಿಗುತ್ತಿತ್ತು, ಏಕೆಂದರೆ ಅದು ವಿಂಡೋಸ್ ಜೊತೆಗೇ ಬರುವ, ಜಾವಾ ಪ್ರೋಗ್ರಾಮರ್‌ಗಳಿಗೆ ಉಪಯೋಗವಾಗುವ ಸಾಚಾ ಫೈಲ್. ಹೇಳಿದ್ದನ್ನು ಪರೀಕ್ಷಿಸಿ ನೋಡಿದವರೇ ಇಲ್ಲಿ ಮೋಸಹೋದರು. ತಮ್ಮ ಯಂತ್ರದ ಫೈಲನ್ನು ತಮ್ಮ ಕೈಯಾರೆ ಅಳಿಸಿದರು.

ಸುಳ್ಳು ಎಚ್ಚರಿಕೆಗಳಿಂದ ಬೇಸತ್ತವರಿಗೆ ನಿಜವಾದ ಅಪಾಯವೂ ಕಾದಿತ್ತು. 2000ದ ಮೇ 4ರಂದು ಹರಡಿದ ‘ಐ ಲವ್ ಯೂ’ ವೈರಸ್ ಪ್ರೇಮಪತ್ರದ ರೂಪದಲ್ಲಿ ಬಂತು. ಫೈಲ್ ಹೆಸರಿನ ಕೊನೆಯ ಭಾಗವನ್ನು ಮರೆಮಾಚುವುದು ವಿಂಡೋಸ್‌ನ ಅಭ್ಯಾಸ. ಹಾಗಾಗಿ ಪ್ರೋಗ್ರಾಮ್ ಆಗಿದ್ದ ಆ ಫೈಲ್ ಸಾಮಾನ್ಯ ಪತ್ರದಂತೆಯೇ ಕಂಡಿತು. ತೆರೆದವರು ಕಂಡದ್ದನ್ನು ಸರಿಯಾಗಿಯೇ ಓದಿದ್ದರು. ತೋರಿಸಬೇಕಾದದ್ದನ್ನು ಪರದೆ ತೋರಿಸಿರಲಿಲ್ಲ.

ಬಲ್ಲವರೂ ಎಡವಿದರು

ತಪ್ಪು ಊಹೆ ಹೊಸಬರಿಗಷ್ಟೇ ಮೀಸಲಾಗಿರಲಿಲ್ಲ. 1995ರ ನವೆಂಬರ್‌ನಲ್ಲಿ ಬಿಲ್ ಗೇಟ್ಸ್, ಬೇಸ್‌ಬಾಲ್ ಪಂದ್ಯವೊಂದನ್ನು ಇಂಟರ್‌ನೆಟ್ಟಿನಲ್ಲಿ ಕೇಳಬಹುದಾಗಿದೆ ಎಂದಾಗ ಟಿ.ವಿ. ನಿರೂಪಕ ಡೇವಿಡ್ ಲೆಟರ್‌ಮನ್, ಅದಕ್ಕೆ ರೇಡಿಯೊ ಇದೆಯಲ್ಲ ಎಂದು ಕೇಳಿದರು. ಬೇಕಾದಾಗ ಕೇಳಬಹುದು ಎಂದಾಗ, ಟೇಪ್ ರೆಕಾರ್ಡರ್ ಇದೆಯಲ್ಲ ಎಂದರು. ಕಂಪ್ಯೂಟರ್ ಜಾಲದಲ್ಲಿ ನುಸುಳುಕೋರನನ್ನು ಪತ್ತೆಹಚ್ಚಿ ಹೆಸರಾಗಿದ್ದ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್, ಜಾಲದ ಮೂಲಕ ಖರೀದಿ, ಪತ್ರಿಕೆ ಓದುವುದು ನಡೆಯುವ ಮಾತಲ್ಲ ಎಂದು ಅದೇ ವರ್ಷ ‘ನ್ಯೂಸ್‌ವೀಕ್’ನಲ್ಲಿ ಬರೆದರು. ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ತಂತ್ರಜ್ಞಾನದ ಜನಕರಲ್ಲೊಬ್ಬರಾದ ಬಾಬ್ ಮೆಟ್‌ಕಾಫ್, 1996ರಲ್ಲಿ ಇಂಟರ್‌ನೆಟ್ ಕುಸಿದುಬೀಳುತ್ತದೆ ಎಂದು ತಮ್ಮ ಅಂಕಣದಲ್ಲಿ ಬರೆದರು, ಇಲ್ಲದಿದ್ದರೆ ತಮ್ಮ ಮಾತನ್ನು ತಾವೇ ತಿನ್ನುವುದಾಗಿ ಸಾರಿದರು. ಅದು ಕುಸಿಯದಿದ್ದಾಗ, 1997ರ ಏಪ್ರಿಲ್‌ನಲ್ಲಿ ವೆಬ್ ತಜ್ಞರ ಸಮ್ಮೇಳನದಲ್ಲಿ ಆ ಅಂಕಣದ ಕಾಗದವನ್ನು ನೀರಿನೊಂದಿಗೆ ಮಿಕ್ಸಿಗೆ ಹಾಕಿ, ಸಭಿಕರೆದುರು ತಿಂದು ಮಾತು ಉಳಿಸಿಕೊಂಡರು. ಹಳೆಯದರ ಅಳತೆಗೋಲಿನಿಂದ ಹೊಸದನ್ನು ಅಳೆಯುವುದು ಎಲ್ಲರಿಗೂ ಸಮಾನವಾದ ಅಭ್ಯಾಸ.

ತಪ್ಪುಗಳು ಕಡಿಮೆಯಾದದ್ದು ಹೇಗೆ?

ಈ ಗೊಂದಲಗಳಲ್ಲಿ ಹೆಚ್ಚಿನವು ಮಾಯವಾದದ್ದು ಜನರಿಗೆ ಪಾಠ ಹೇಳಿದ್ದರಿಂದಲ್ಲ. ಯಂತ್ರ ಜನರ ಊಹೆಗೆ ತಕ್ಕಂತೆ ಬದಲಾದದ್ದರಿಂದ. ವಿಂಡೋಸ್ 95ರ ‘ರೀಸೈಕಲ್ ಬಿನ್’ ಕೈತಪ್ಪಿ ಅಳಿಸಿದ್ದನ್ನು ವಾಪಸು ತಂದುಕೊಟ್ಟಿತು. ಭಾರತದಲ್ಲಿ 2005ರಿಂದ ಮನೆಗಳಿಗೆ ಹರಡಿದ ಬ್ರಾಡ್‌ಬ್ಯಾಂಡ್ ಫೋನನ್ನೂ ಇಂಟರ್‌ನೆಟ್ಟನ್ನೂ ಒಂದೇ ತಂತಿಯಲ್ಲಿ ಬೇರ್ಪಡಿಸಿತು. ಕರೆ ಕಡಿಯುವುದನ್ನು ಮರೆಯುವ ಪ್ರಶ್ನೆಯೇ ಉಳಿಯಲಿಲ್ಲ. 2008ರಲ್ಲಿ ಬಂದ ಗೂಗಲ್ ಕ್ರೋಮ್ ವಿಳಾಸದ ಪೆಟ್ಟಿಗೆ ಮತ್ತು ಹುಡುಕುವ ಪೆಟ್ಟಿಗೆಯನ್ನು ಒಂದು ಮಾಡಿತು. ಎರಡೂ ಒಂದೇ ಎಂದುಕೊಂಡಿದ್ದವರ ‘ತಪ್ಪು’ ಅಂದಿನಿಂದ ಸರಿಯಾಯಿತು. ಕಾಗದವನ್ನು ಗಾಜಿನೆದುರು ಹಿಡಿದು ಕಳಿಸುವುದು ಇವತ್ತು ಫೋನಿನ ಕ್ಯಾಮೆರಾದಿಂದ ದಿನವೂ ನಡೆಯುವ ಕೆಲಸ.

ಆದರೆ ಹೊಸ ಸೌಲಭ್ಯ ಹೊಸ ಊಹೆಗಳನ್ನು ತರುತ್ತದೆ. ಫೇಸ್‌ಬುಕ್ ಬಳಸುತ್ತೇವೆ, ಇಂಟರ್‌ನೆಟ್ ಬಳಸುವುದಿಲ್ಲ ಎಂದು ಹೇಳುವವರನ್ನು ಸಮೀಕ್ಷಕರು 2012ರ ಹೊತ್ತಿಗೆ ಇಂಡೊನೇಷ್ಯಾದಲ್ಲಿ ಕಂಡರು. ನೀಲಿ ‘ಇ’ಯ ಜಾಗಕ್ಕೆ ನೀಲಿ ‘ಎಫ್’ ಬಂದಿತ್ತು. ಭಾರತದಲ್ಲಿ 2016ರಲ್ಲಿ ಬಂದ ಯುಪಿಐನಲ್ಲಿ ಪಿನ್ ಹಾಕುವುದು ಹಣ ಕೊಡಲು, ಪಡೆಯಲು ಅಲ್ಲ. ಬ್ಯಾಂಕಿನಲ್ಲಿ ಹಣ ಪಡೆಯಲು ಚೀಟಿಗೆ ಸಹಿ ಹಾಕಿ, ಎಟಿಎಂನಲ್ಲಿ ಹಣ ತೆಗೆಯಲು ಪಿನ್ ಒತ್ತಿ ರೂಢಿಯಾದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆ ರೂಢಿಯನ್ನೇ ಬಳಸಿಕೊಂಡ ವಂಚಕರು ಹಣ ಕೇಳುವ ಕೋರಿಕೆ ಕಳಿಸಿ, ಹಣ ಬರಬೇಕಾದರೆ ಪಿನ್ ಒತ್ತಿ ಎಂದು ನಂಬಿಸಿದರು. ಬ್ಯಾಂಕುಗಳು ಎಷ್ಟೇ ಎಚ್ಚರಿಸಿದರೂ ಮೋಸ ನಿಲ್ಲಲಿಲ್ಲ. ಕೊನೆಗೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಬ್ಯಾಂಕುಗಳಿಗೂ ಪಾವತಿ ಆ್ಯಪ್‌ಗಳಿಗೂ ಸೂಚಿಸಿತು. ಲಕ್ಷಾಂತರ ಜನ ಒಂದೇ ಬಗೆಯಲ್ಲಿ ತಪ್ಪುತ್ತಿದ್ದರೆ ತಿದ್ದಬೇಕಾದದ್ದು ವ್ಯವಸ್ಥೆಯನ್ನು ಎಂಬ ತತ್ವವನ್ನೇ ಈ ನಿರ್ಧಾರವೂ ಒಪ್ಪಿಕೊಂಡಿದೆ.